ಕೊಬ್ಬರಿ ದೇಶಕ್ಕೆ, ಮಟ್ಟೆ ತೋಟಕ್ಕೆ

ಹೊಗೆ, ದೂಳು, ಕಂದು ನೀರು. ತೆಂಗಿನ ಸೀಮೆಯ ಸಣ್ಣ ನಾರಿನ ಫ್ಯಾಕ್ಟರಿಗಳಿಗೂ ಚಿಪ್ಪಿನ ಇದ್ದಿಲು ಘಟಕಗಳಿಗೂ ಅಂಟಿದ ದೂರುಗಳಿವು. ಇವುಗಳಿಂದ ಪಾರಾಗಲು ಹೊರಟ ಮಾಲೀಕರಿಗೆ ನೀರು, ಬಂಡವಾಳ, ಧಾರಣೆ ಮೂರೂ ಸರದಿಯ ಮೇಲೆ ಕೈಕೊಟ್ಟಿವೆ. ಆದರೂ ದಾರಿಯಿದೆ. ಅದಕ್ಕೆ ಕಂದಿಕೆರೆಯ ತೋಟಗಳೇ ಆಸರೆ.

ತೋಟವಿದ್ದ ಮನೆಗೆ ಕೊಬ್ಬರಿ ಅಟ್ಟ ಇರಲೇಬೇಕು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯಿಂದ ತಿಪಟೂರು, ತುರುವೇಕೆರೆವರೆಗೆ ಹಬ್ಬಿದ ಈ ಸೀಮೆಯಲ್ಲಿ ಅದು ಅಜ್ಜಂದಿರ ಕಾಲದಿಂದ ಬಂದ ಕ್ರಮ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿದರೆ ಹತ್ತು ಹನ್ನೊಂದು ತಿಂಗಳು ಅದನ್ನು ಮುಟ್ಟುವಂತಿಲ್ಲ. ಒಳಗಿನ ನೀರು ಇಂಗಬೇಕು, ತಿರುಳು ಚಿಪ್ಪನ್ನು ಬಿಡಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಉಂಡೆ ಉರುಳುವ ಸದ್ದು ಕೇಳಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಇಡಿಯಾಗಿ ಹೊರತೆಗೆದದ್ದೇ ಉಂಡೆ ಕೊಬ್ಬರಿ. ಅದು ಚೀಲ ಸೇರಿ ತಿಪಟೂರಿನ ಎಪಿಎಂಸಿಗೆ ಹೋಗುತ್ತದೆ. ಅಲ್ಲಿಂದ ಲಾರಿ ಹತ್ತಿ ದೆಹಲಿ, ರಾಜಸ್ಥಾನ, ಉತ್ತರ ಪ್ರದೇಶ, ಮಹಾರಾಷ್ಟ್ರಗಳ ಹಬ್ಬದ ತಟ್ಟೆ ಸೇರುತ್ತದೆ.

ಕೊಬ್ಬರಿಯ ಧಾರಣೆ ಏರಿತೋ ಇಳಿಯಿತೋ ಎಂಬುದು ಈ ಕಡೆಯ ಟೀ ಅಂಗಡಿಯಲ್ಲಿ ದಿನಾ ನಡೆಯುವ ಮಾತು. ಕೊಬ್ಬರಿ ಹೋದ ಮೇಲೆ ಉಳಿದದ್ದು ಏನಾಯಿತು ಎಂಬ ಮಾತು ಅಷ್ಟಾಗಿ ಬರುವುದಿಲ್ಲ. ಉಳಿಯುವುದು ರಾಶಿರಾಶಿ ಮಟ್ಟೆ, ರಾಶಿರಾಶಿ ಚಿಪ್ಪು. ಒಂದು ಕಾಲಕ್ಕೆ ಇವೆರಡೂ ಊರು ದಾಟುತ್ತಿರಲಿಲ್ಲ. ಒಂದಷ್ಟು ಮಟ್ಟೆ ಮರದ ಬುಡ ಸೇರುತ್ತಿತ್ತು, ಒಂದಷ್ಟು ನೀರೊಲೆಗೆ ಹೋಗುತ್ತಿತ್ತು, ಚಿಪ್ಪು ಅಡುಗೆ ಒಲೆಯಲ್ಲಿ ಉರಿಯುತ್ತಿತ್ತು. ಆಮೇಲೆ ನಾರಿನ ಫ್ಯಾಕ್ಟರಿಗಳು ಬಂದವು, ಇದ್ದಿಲು ಸುಡುವವರು ಬಂದರು. ಮಟ್ಟೆಗೂ ಚಿಪ್ಪಿಗೂ ಬೆಲೆ ಬಂತು. ಬೆಲೆಯ ಜೊತೆಗೆ ಅದುವರೆಗೆ ಇಲ್ಲದಿದ್ದ ಕಸವೂ ಬಂತು. ಆ ಕಸವನ್ನು ಕಸವಾಗಿ ಉಳಿಯಗೊಡಬಾರದೆಂದು ಹೊರಟ ಸಣ್ಣ ಉದ್ಯಮಿಗಳ ಪಾಡು ಮತ್ತು ಅವರ ಮುಂದಿರುವ ದಾರಿಯನ್ನು ಕುರಿತ ಬರಹವಿದು.

ಮಟ್ಟೆಯೊಳಗಿನ ಲೆಕ್ಕ

ಈ ಸೀಮೆಯ ಯಾವ ನಾರಿನ ಫ್ಯಾಕ್ಟರಿಗೆ ಹೋದರೂ ಕಾಣುವುದು ಹೆಚ್ಚುಕಡಿಮೆ ಒಂದೇ ನೋಟ. ತಗಡಿನ ಚಾವಣಿ, ಮೂರು ಫೇಸಿನ ಮೋಟರು, ಎದುರಿಗೆ ವಿಶಾಲ ಅಂಗಳ. ಅಟ್ಟದಲ್ಲಿ ವರ್ಷ ಕಳೆದ ಮಟ್ಟೆ ಗರಿಗರಿಯಾಗಿ ಒಣಗಿರುತ್ತದೆ. ಅದನ್ನು ಹಾಗೇ ಯಂತ್ರಕ್ಕೆ ಕೊಟ್ಟರೆ ನಾರು ತುಂಡಾಗುತ್ತದೆ, ದೂಳು ಏಳುತ್ತದೆ. ಅದಕ್ಕೇ ಮೊದಲೇ ನೀರು ಹೊಡೆದು ನೆನೆಸಿಡುತ್ತಾರೆ. ನೆನೆದ ಮಟ್ಟೆ ಕ್ರಷರ್‌ನ ರೋಲರ್‌ಗಳ ನಡುವೆ ಜಜ್ಜಿಸಿಕೊಂಡು ಡ್ರಮ್ಮಿಗೆ ಹೋಗುತ್ತದೆ. ಅಲ್ಲಿ ಗಿರ್ರನೆ ಸುತ್ತುವ ಕಬ್ಬಿಣದ ಹಲ್ಲುಗಳಿಗೆ ಸಿಕ್ಕಿ ಎಳೆ ಬೇರೆ, ಪುಡಿ ಬೇರೆಯಾಗುತ್ತದೆ. ನಾರು ಮುಂದಕ್ಕೆ ಹಾರಿ ಬೀಳುತ್ತದೆ, ಕಂದು ಪುಡಿ ಅಡಿಗೆ ಸುರಿಯುತ್ತದೆ. ಹೆಣ್ಣಾಳುಗಳು ತಲೆಗೂ ಮೂಗಿಗೂ ಬಟ್ಟೆ ಬಿಗಿದುಕೊಂಡು ನಾರನ್ನು ಅಂಗಳಕ್ಕೆ ಹರವಿ, ಬಿಸಿಲು ತಿರುಗಿದಂತೆ ಮಗುಚುತ್ತಾರೆ. ಒಣಗಿದ ನಾರು ಬೇಲು ಕಟ್ಟಿಸಿಕೊಂಡು ಹೊರಡುತ್ತದೆ. ಹಗ್ಗ, ಕಾಲೊರಸು, ಹಾಸಿಗೆಯ ಒಳತುಂಬು ಇವೆಲ್ಲ ಆಗುವುದು ಅದರಿಂದಲೇ. ಭಾರತದ ನಾರಿಗೆ ಹೊರದೇಶಗಳಲ್ಲಿ ದೊಡ್ಡ ಗಿರಾಕಿ ಚೀನಾ.

ಇಲ್ಲಿ ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸಾವಿರ ಮಟ್ಟೆ ಬಡಿದರೆ ಸಿಗುವ ನಾರು ಸುಮಾರು 80 ಕಿಲೊ. ಅದರ ಎರಡು ಪಟ್ಟಿಗೂ ಮಿಗಿಲಾಗಿ ಬೀಳುವುದು ಪುಡಿ. ಮಟ್ಟೆಯ ತೂಕದಲ್ಲಿ ನಾರಿನ ಪಾಲು ಹೆಚ್ಚೆಂದರೆ ನೂರಕ್ಕೆ ಮೂವತ್ತು, ಪುಡಿಯ ಪಾಲು ಎಪ್ಪತ್ತು. ಅಂದರೆ ನಾರಿನ ಫ್ಯಾಕ್ಟರಿ ಎಂದು ನಾವು ಕರೆಯುವುದು ನಿಜದಲ್ಲಿ ಪುಡಿಯ ಫ್ಯಾಕ್ಟರಿ. ಮಾರಾಟವಾಗುವುದು ಕಡಿಮೆ ಪಾಲು, ಅಂಗಳದಲ್ಲಿ ಗುಡ್ಡವಾಗುವುದು ಹೆಚ್ಚು ಪಾಲು.

ಈ ಪುಡಿ ಬೇಗ ಕೊಳೆಯುವ ಜಾತಿಯದಲ್ಲ. ಅದರಲ್ಲಿ ಲಿಗ್ನಿನ್ ಹೆಚ್ಚು, ಇಂಗಾಲ ಮತ್ತು ಸಾರಜನಕದ ಅನುಪಾತ 112ಕ್ಕೆ 1. ಸೂಕ್ಷ್ಮಜೀವಿಗಳಿಗೆ ಅದು ಸುಲಭದ ಆಹಾರವಲ್ಲ. ಹಾಗಾಗಿ ವರ್ಷಗಟ್ಟಲೆ ಬಿದ್ದಿರುತ್ತದೆ. ಬೇಸಿಗೆಯಲ್ಲಿ ಕಿಡಿ ತಾಗಿದರೆ ಮೇಲೆ ಜ್ವಾಲೆಯಿಲ್ಲದೆ ಒಳಗೊಳಗೇ ದಿನಗಟ್ಟಲೆ ಬೇಯುತ್ತದೆ. ಗಾಳಿ ಬೀಸಿದರೆ ಪಕ್ಕದ ಹೊಲ, ಮನೆ, ಬಾವಿಗೆ ಹಾರುತ್ತದೆ. ಮಳೆಗಾಲದಲ್ಲಿ ಅದರಿಂದ ಇಳಿಯುವ ನೀರು ಕಂದಾಗಿರುತ್ತದೆ. ಟ್ಯಾನಿನ್, ಫೀನಾಲ್‌ಗಳು ಅದರಲ್ಲಿ ಕರಗಿರುತ್ತವೆ.

ಕೇರಳದ ಹಿನ್ನೀರಿನಲ್ಲಿ ಹಸಿ ಮಟ್ಟೆಯನ್ನು ತಿಂಗಳುಗಟ್ಟಲೆ ಮುಳುಗಿಸಿ ಕೊಳೆಸುವ ಪದ್ಧತಿ ಇತ್ತು. ಅದರಿಂದ ಬಂಗಾರದ ಬಣ್ಣದ ನಾರೂ ಬಂತು, ಹೈಡ್ರೋಜನ್ ಸಲ್ಫೈಡ್ ನಾತವೂ ಬಂತು, ನೀರಿನಲ್ಲಿ ಪ್ರಾಣವಾಯು ತಗ್ಗಿ ಮೀನೂ ಕಡಿಮೆಯಾಯಿತು. ನಮ್ಮ ಒಣ ಮಟ್ಟೆಗೆ ಆ ಕೊಳೆಸುವ ಕೆಲಸವೇ ಬೇಡ. ಪರಿಸರದ ದೃಷ್ಟಿಯಿಂದ ತಿಪಟೂರು ಸೀಮೆಯ ನಾರು ಅಷ್ಟರಮಟ್ಟಿಗೆ ಮೊದಲೇ ಗೆದ್ದಿದೆ. ಸೋತಿರುವುದು ಪುಡಿಯ ವಿಲೇವಾರಿಯಲ್ಲಿ, ಚಿಪ್ಪಿನ ಹೊಗೆಯಲ್ಲಿ.

ಹೊಗೆಯ ಜಗಳ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಅತ್ತ ಅರಸೀಕೆರೆಯ ಹಳ್ಳಿಗಳಲ್ಲಿ ಚಿಪ್ಪು ಸುಡುವ ಘಟಕಗಳ ವಿರುದ್ಧ ದೂರು, ಪ್ರತಿಭಟನೆ ಹೊಸದೇನಲ್ಲ. ಜನರ ಸಿಟ್ಟು ನ್ಯಾಯವಾದದ್ದು. ಗುಂಡಿಯಲ್ಲೋ ಡ್ರಮ್ಮಿನಲ್ಲೋ ತಳದಲ್ಲಿ ಸ್ವಲ್ಪ ಚಿಪ್ಪಿಗೆ ಬೆಂಕಿ ಹಚ್ಚಿ, ಮೇಲೆ ಮೇಲೆ ಸುರಿಯುತ್ತಾ ಹೋಗಿ, ಕೊನೆಗೆ ಬಾಯಿಗೆ ತಗಡು ಮುಚ್ಚಿ ಮಣ್ಣು ಮೆತ್ತಿ ಗಾಳಿ ಕಡಿಯುವುದು ಹಳೆಯ ವಿಧಾನ. ಚಿಪ್ಪು ಬೂದಿಯಾಗದೆ ಇದ್ದಿಲಾಗಬೇಕಾದರೆ ಗಾಳಿ ಕಡಿಮೆಯೇ ಇರಬೇಕು. ಗಾಳಿ ಕಡಿಮೆಯಾದಾಗ ಚಿಪ್ಪಿನಿಂದ ಹೊರಡುವ ಅನಿಲ ಪೂರ್ತಿ ಉರಿಯದೆ ದಟ್ಟ ಬಿಳಿ ಹೊಗೆಯಾಗಿ ಏಳುತ್ತದೆ. ಅದರಲ್ಲಿ ಟಾರು, ಅಸಿಟಿಕ್ ಆಮ್ಲ, ಫೀನಾಲ್, ಕಾರ್ಬನ್ ಮಾನಾಕ್ಸೈಡ್, ಮೀಥೇನ್ ಎಲ್ಲ ಇರುತ್ತವೆ. ಚಳಿಗಾಲದ ಬೆಳಗಿನ ಜಾವ ಆ ಹೊಗೆ ಮೇಲೇಳದೆ ಊರ ಮೇಲೇ ಕವಿದು ನಿಲ್ಲುತ್ತದೆ. ಉಬ್ಬಸದವರು, ಮಕ್ಕಳು, ಮುದುಕರು ನರಳುತ್ತಾರೆ.

ಸುಟ್ಟವನಿಗೂ ಇದರಲ್ಲಿ ನಷ್ಟವೇ. ಚಿಪ್ಪಿನ ತೂಕದ ಕಾಲು ಭಾಗ ಅಥವಾ ಸ್ವಲ್ಪ ಹೆಚ್ಚು ಮಾತ್ರ ಇದ್ದಿಲಾಗಿ ಸಿಗುತ್ತದೆ. ಮಿಕ್ಕದ್ದೆಲ್ಲ ಹೊಗೆಯಾಗಿ ಹೋಯಿತೆಂದೇ ಅರ್ಥ. ಆ ಹೊಗೆ ಉರಿಯಬಲ್ಲ ಅನಿಲ, ಅದೂ ಇಂಧನವೇ. ಮುಚ್ಚಿದ ಕುಲುಮೆಯಲ್ಲಿ ಚಿಪ್ಪನ್ನು ಕಾಯಿಸಿ, ಹೊರಟ ಅನಿಲವನ್ನು ಕೊಳವೆಯಲ್ಲಿ ತಂದು ಅದೇ ಕುಲುಮೆಯ ಒಲೆಗೆ ಉಣಿಸಿದರೆ ಹೊಗೆಯ ಬಹುಪಾಲು ಉರಿದುಹೋಗುತ್ತದೆ, ಒಣಗಿಸುವ ಕೆಲಸಕ್ಕೂ ಆ ಬಿಸಿಯನ್ನು ಬಳಸಬಹುದು. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಚಿಪ್ಪನ್ನೇ ಉರಿಸಿ ಕೊಬ್ಬರಿಗೆ ಹೊಗೆ ತಾಗದಂತೆ ಒಣಗಿಸುವ ಡ್ರೈಯರ್‌ಗಳನ್ನು ಬಹಳ ಹಿಂದೆಯೇ ರೂಪಿಸಿದೆ. ತಂತ್ರಜ್ಞಾನದ ಕೊರತೆ ಇಲ್ಲ.

ಕೊರತೆ ಇರುವುದು ಬಂಡವಾಳದ್ದು. ಗುಂಡಿ ತೋಡಲು ಒಂದು ದಿನದ ಜೆಸಿಬಿ ಬಾಡಿಗೆ ಸಾಕು. ಮುಚ್ಚಿದ ಕುಲುಮೆಗೆ ಲಕ್ಷಗಳು ಬೇಕು, ಅದನ್ನು ನಡೆಸಲು ಕಲಿತ ಆಳು ಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಇಷ್ಟೆಲ್ಲ ಮಾಡಿದವನ ಇದ್ದಿಲನ್ನೂ ಗುಂಡಿಯವನ ಇದ್ದಿಲನ್ನೂ ದಲ್ಲಾಳಿ ಒಂದೇ ತಕ್ಕಡಿಯಲ್ಲಿ ತೂಗುತ್ತಾನೆ. ಆ ಇದ್ದಿಲು ಮುಂದೆ ಆಕ್ಟಿವೇಟೆಡ್ ಕಾರ್ಬನ್ ಆಗಿ ಕುಡಿಯುವ ನೀರಿನ ಫಿಲ್ಟರಿಗೆ, ಗಾಳಿ ಶುದ್ಧ ಮಾಡುವ ಯಂತ್ರಕ್ಕೆ ಹೋಗುತ್ತದೆ. ಎಲ್ಲೋ ಯಾರದೋ ಮನೆಯ ಗಾಳಿ ಶುದ್ಧವಾಗಲೆಂದು ಇಲ್ಲಿನ ಹಳ್ಳಿಯ ಗಾಳಿ ಕೆಡುವುದು ಅನ್ಯಾಯ. ಶುದ್ಧವಾಗಿ ಸುಟ್ಟ ಇದ್ದಿಲಿಗೆ ಕಿಲೊಗೆ ಒಂದೆರಡು ರೂಪಾಯಿ ಹೆಚ್ಚು ಕೊಡಬೇಕಾದವರು ಕೊನೆಯ ಖರೀದಿದಾರರು. ಆ ಹಣ ಹಳ್ಳಿಯ ಕುಲುಮೆಯವರೆಗೆ ಇಳಿದುಬರುವ ವ್ಯವಸ್ಥೆ ಇವತ್ತಿಗೂ ಆಗಿಲ್ಲ.

ಹಾಲೆಂಡಿನ ಟೊಮೆಟೊಗೆ ನಮ್ಮ ಬೋರಿನ ನೀರು

ಪುಡಿಯ ಗುಡ್ಡಕ್ಕೆ ಕಳೆದ ಎರಡು ಮೂರು ದಶಕಗಳಲ್ಲಿ ಒಂದು ಮಾರುಕಟ್ಟೆ ಸಿಕ್ಕಿತು. ಯುರೋಪಿನ ತೋಟಗಾರಿಕೆ ನಿಂತಿದ್ದದ್ದು ಪೀಟ್ ಮೇಲೆ. ಜೌಗು ನೆಲದಲ್ಲಿ ಸಾವಿರಾರು ವರ್ಷ ಕೊಳೆತ ಪಾಚಿಯ ಪದರವನ್ನು ಅಗೆದು ತೆಗೆಯುವುದರಿಂದ ಇಂಗಾಲ ಬಿಡುಗಡೆಯಾಗುತ್ತದೆ, ಜೌಗು ಹಾಳಾಗುತ್ತದೆ. ಅದರ ಬದಲಿಗೆ ತೆಂಗಿನ ಪುಡಿಯನ್ನು ಒತ್ತಿ ಇಟ್ಟಿಗೆ ಮಾಡಿದ ಕೊಕೊಪಿಟ್ ಬಂತು. ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಡುವ ಗುಣ ಅದಕ್ಕಿದೆ. ನೆದರ್‌ಲೆಂಡ್ಸ್‌ನ ಗಾಜಿನ ಮನೆಗಳಲ್ಲಿ ಟೊಮೆಟೊ, ಸ್ಟ್ರಾಬೆರಿ ಅದರ ಮೇಲೆ ಬೆಳೆಯುತ್ತಿವೆ. ಬೆಂಗಳೂರಿನ ತಾರಸಿ ತೋಟಗಳಿಗೂ ಅದು ಬಂದಿದೆ.

ಕಸ ಸರಕಾಯಿತು, ಸಂತೋಷವೇ. ಆದರೆ ಯುರೋಪಿನ ಗಿರಾಕಿಯ ಷರತ್ತು ಗಟ್ಟಿ. ಪುಡಿಯಲ್ಲಿ ಲವಣ ಇರಬಾರದು. ಮಟ್ಟೆಯಲ್ಲಿ ಸಹಜವಾಗಿಯೇ ಪೊಟ್ಯಾಷಿಯಂ, ಸೋಡಿಯಂ, ಕ್ಲೋರೈಡ್ ಇವೆ. ಅವು ಹೋಗುವವರೆಗೆ ಸಿಹಿ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ಉತ್ತಮ ದರ್ಜೆ ಬೇಕೆಂದರೆ ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ನೆನೆಸಿ ಮತ್ತೊಮ್ಮೆ ತೊಳೆಯಬೇಕು. ತೊಳೆದ ಕಂದು ನೀರು ಎಲ್ಲಿಗೋ ಹೋಗಲೇಬೇಕು.

ಎಲ್ಲಿಗೆ ಹೋಗುತ್ತದೆ ಎಂಬುದನ್ನು ತಮಿಳುನಾಡಿನ ಪೊಳ್ಳಾಚಿ ತೋರಿಸಿಕೊಟ್ಟಿತು. ಅಲ್ಲಿ ಪುಡಿ ತೊಳೆಯುವ ಘಟಕಗಳು ಹೆಚ್ಚಿದಂತೆ ಬಾವಿ, ಕೊಳವೆ ಬಾವಿಯ ನೀರು ಬಣ್ಣ ತಿರುಗುತ್ತಿದೆಯೆಂಬ ದೂರು ಎದ್ದಿತು. ಕೊನೆಗೆ 2021ರಲ್ಲಿ ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ ನಾರಿನ ಘಟಕಗಳನ್ನು ಮಾಲಿನ್ಯವಿಲ್ಲದ ಬಿಳಿ ಪಟ್ಟಿಯಿಂದ ತೆಗೆದು ಕಿತ್ತಳೆ ಪಟ್ಟಿಗೆ ಹಾಕಿತು. ಹಸಿರು ಉದ್ಯಮವೆಂದು ಹೆಸರಾಗಿದ್ದದ್ದು ಒಂದೇ ಆದೇಶದಲ್ಲಿ ಕಣ್ಗಾವಲಿನ ಉದ್ಯಮವಾಯಿತು.

ಕಂದಿಕೆರೆಯ ಕಡೆ ತೊಳೆಯಲು ಮೊದಲು ನೀರೇ ಎಲ್ಲಿದೆ? ಇದು ಹೇಮಾವತಿ ಬರಲಿ, ಕೆರೆ ತುಂಬಲಿ ಎಂದು ದಶಕಗಳ ಕಾಲ ಧರಣಿ ಕೂತ ನೆಲ. 2010ರ ದಶಕದ ಸಾಲು ಬರಗಳಲ್ಲಿ ಬೋರು ಬತ್ತಿ, ಮೂವತ್ತು ನಲವತ್ತು ವರ್ಷದ ಮರಗಳು ಸುಳಿ ಬಾಗಿ ನಿಂತದ್ದನ್ನು ಈ ಸೀಮೆಯವರು ಕಣ್ಣಾರೆ ಕಂಡಿದ್ದಾರೆ. ತೋಟಕ್ಕೆ ಟ್ಯಾಂಕರ್ ನೀರು ಹೊಡೆಸಿದ ನೆಲದಲ್ಲಿ ಪುಡಿ ತೊಳೆಯಲು ಬೋರಿನ ನೀರು ಹರಿಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಹೊರದೇಶದ ಆರ್ಡರು ಬಿಟ್ಟರೆ ಲಾಭ ಬಿಟ್ಟಂತೆ, ಹಿಡಿದರೆ ನೀರು ಬಿಟ್ಟಂತೆ. ಈ ಇಕ್ಕಟ್ಟು ಈ ಸೀಮೆಯ ಸಣ್ಣ ಮಾಲೀಕನ ಮುಂದೆ ನಿಂತಿದೆ.

ಧಾರಣೆಯ ಹೊಡೆತ

ಪರಿಸರಕ್ಕೆ ಒಳ್ಳೆಯದು ಮಾಡಲು ಹೊರಟವನಿಗೂ ಬ್ಯಾಂಕಿನ ಕಂತು ತಪ್ಪುವುದಿಲ್ಲ. ಕೊಬ್ಬರಿ ಸೀಮೆಯ ಧಾರಣೆಯ ಏರಿಳಿತ ಮಟ್ಟೆಯ ಉದ್ಯಮವನ್ನೂ ಜೊತೆಗೇ ಎಳೆದಾಡುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ 8,000ದ ಕೆಳಗಿಳಿಯಿತು. ರೈತರು ಬೀದಿಗಿಳಿದರು, ನಾಫೆಡ್ ಖರೀದಿಯ ಸಾಲಿನಲ್ಲಿ ನಿಂತರು. 2025ರ ಹೊತ್ತಿಗೆ ಅದೇ ಕೊಬ್ಬರಿ 25,000 ದಾಟಿತು.

ಬೆಲೆ ಬಿದ್ದರೆ ರೈತ ತೋಟಕ್ಕೆ ಗೊಬ್ಬರ ಹಾಕುವುದಿಲ್ಲ, ಇಳುವರಿ ಕುಗ್ಗುತ್ತದೆ, ಮಟ್ಟೆಯೂ ಕುಗ್ಗುತ್ತದೆ. ಬೆಲೆ ಏರಿದರೆ ಅಟ್ಟದಲ್ಲಿ ವರ್ಷ ಕಾಯುವ ಸಹನೆ ಯಾರಿಗೂ ಇರುವುದಿಲ್ಲ. ಎಳನೀರು, ಹಸಿಕಾಯಿ ರೂಪದಲ್ಲೇ ಲೋಡು ಹೊರಗೆ ಹೋಗುತ್ತದೆ. ಎಳನೀರಿನ ಜೊತೆ ಹೋದ ಮಟ್ಟೆ ದೂರದ ನಗರದ ಕಸದ ಗುಡ್ಡ ಸೇರುತ್ತದೆ, ಇಲ್ಲಿನ ಯಂತ್ರ ಮಟ್ಟೆಯಿಲ್ಲದೆ ನಿಲ್ಲುತ್ತದೆ. ಇದರ ಮೇಲೆ ಮಳೆಗಾಲದಲ್ಲಿ ನಾರು ಒಣಗುವುದಿಲ್ಲ, ಬೇಸಿಗೆಯಲ್ಲಿ ಮೂರು ಫೇಸ್ ಕರೆಂಟು ಪೂರ್ತಿ ಸಿಗುವುದಿಲ್ಲ. ಕೋವಿಡ್ ಕಾಲದಲ್ಲಿ ಹಡಗಿನ ಕಂಟೇನರ್ ಬಾಡಿಗೆ ಹಲವು ಪಟ್ಟು ಏರಿದಾಗ ಕೊಕೊಪಿಟ್‌ನಂಥ ಗಾತ್ರ ಹೆಚ್ಚು, ಬೆಲೆ ಕಡಿಮೆ ಇರುವ ಸರಕಿಗೆ ಬಿದ್ದ ಪೆಟ್ಟು ದೊಡ್ಡದು.

ಸರ್ಕಾರದ ಸಹಾಯವೇ ಇಲ್ಲವೆಂದಲ್ಲ. 1953ರ ಕಾಯ್ದೆಯಡಿ ಸ್ಥಾಪನೆಯಾದ ಕಾಯರ್ ಬೋರ್ಡ್ ಇದೆ, ರಾಜ್ಯದ ತೆಂಗಿನ ನಾರು ಅಭಿವೃದ್ಧಿ ನಿಗಮ ಇದೆ. ಕಾಯರ್ ಉದ್ಯಮಿ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗಿನ ಘಟಕಕ್ಕೆ ಶೇ 40ರಷ್ಟು ಸಬ್ಸಿಡಿ, ಶೇ 55ರಷ್ಟು ಸಾಲ, ಶೇ 5ರಷ್ಟು ಸ್ವಂತ ಹಣ ಎಂಬ ಸೂತ್ರವಿತ್ತು. ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ತುಮಕೂರಿಗೆ ಬಂದದ್ದು ತೆಂಗೇ. ಇವುಗಳಿಂದ ಯಂತ್ರ ಬಂತು. ಪುಡಿಯ ನಿರ್ವಹಣೆ, ಹೊಗೆಯ ನಿರ್ವಹಣೆ ಮಾತ್ರ ಮಾಲೀಕನ ಸ್ವಂತ ತಲೆನೋವಾಗಿ ಉಳಿಯಿತು. ಒಬ್ಬೊಬ್ಬನೇ ಹೊರಲಾಗದ ಈ ಹೊರೆಯನ್ನು ಎಲ್ಲರೂ ಸೇರಿ ಹೊರಬೇಕು. ಸಣ್ಣ ಘಟಕಗಳು ಶುದ್ಧವಾಗದಿರುವುದಕ್ಕೆ ಮುಖ್ಯ ಕಾರಣ ಹೀಗೆ ಸೇರಿ ಮಾಡುವ ವ್ಯವಸ್ಥೆ ಇಲ್ಲದಿರುವುದೇ ಎಂಬುದು ನನ್ನ ಗಟ್ಟಿ ನಂಬಿಕೆ.

ತೊಳೆದು ಚೆಲ್ಲುವುದೇ ಗೊಬ್ಬರ

ಹಾಗಾದರೆ ದಾರಿ ಯಾವುದು? ಪುಡಿಯಲ್ಲಿ ಲವಣವಿದೆ ಎಂದು ಡಚ್ ಟೊಮೆಟೊ ಬೇಡವೆನ್ನುತ್ತದೆ. ತೆಂಗಿನ ಮರ ಬೇಡವೆನ್ನುವುದಿಲ್ಲ. ತೆಂಗಿನ ಮರಕ್ಕೆ ಅತಿ ಹೆಚ್ಚು ಬೇಕಾದ ಪೋಷಕಾಂಶವೇ ಪೊಟ್ಯಾಷ್. ಫಲಕ್ಕೆ ಬಂದ ಒಂದು ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ಕ್ಲೋರೈಡನ್ನು ಕೂಡ ಬಳಸಿಕೊಂಡು ಬೆಳೆಯುವ ಮರವಿದು. ಪೊಟ್ಯಾಷ್ ಗೊಬ್ಬರವನ್ನು ನಮ್ಮ ದೇಶ ಹೆಚ್ಚುಕಡಿಮೆ ಪೂರ್ತಿಯಾಗಿ ಹೊರಗಿನಿಂದಲೇ ತರಿಸಿಕೊಳ್ಳುತ್ತದೆ. ಮರ ನೆಲದಿಂದ ಎತ್ತಿ ಮಟ್ಟೆಯಲ್ಲಿ ಇಟ್ಟ ಪೊಟ್ಯಾಷನ್ನು ಬೋರಿನ ನೀರಿನಲ್ಲಿ ತೊಳೆದು ಚೆಲ್ಲಿ, ಆಮೇಲೆ ಹಡಗಿನಲ್ಲಿ ಬಂದ ಪೊಟ್ಯಾಷನ್ನು ದುಡ್ಡು ಕೊಟ್ಟು ಅದೇ ಮರದ ಬುಡಕ್ಕೆ ಹಾಕುತ್ತಿದ್ದೇವೆ. ಇದನ್ನು ನಿಲ್ಲಿಸಿದರೆ ನೀರೂ ಉಳಿಯುತ್ತದೆ, ಹಣವೂ ಉಳಿಯುತ್ತದೆ, ನೆಲವೂ ಉಳಿಯುತ್ತದೆ.

ಹಸಿ ಪುಡಿಯನ್ನು ನೇರ ಮಣ್ಣಿಗೆ ಬೆರೆಸಬಾರದು. ಅದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಕಸಿದುಕೊಳ್ಳುತ್ತದೆ. ಮೊದಲು ಕಾಂಪೋಸ್ಟ್ ಆಗಬೇಕು. ಅದರ ವಿಧಾನವನ್ನು ಕೇರಳದ ಕಲವೂರಿನಲ್ಲಿರುವ ಕಾಯರ್ ಬೋರ್ಡಿನ ಸಂಶೋಧನಾ ಸಂಸ್ಥೆ ಸರಳವಾಗಿಯೇ ಹೇಳಿಕೊಟ್ಟಿದೆ. ಒಂದು ಟನ್ ಪುಡಿಗೆ 5 ಕಿಲೊ ಯೂರಿಯಾ, 2 ಕಿಲೊ ಪಿತ್‌ಪ್ಲಸ್. ಪಿತ್‌ಪ್ಲಸ್ ಎಂದರೆ ಲಿಗ್ನಿನ್ ತಿನ್ನಬಲ್ಲ ಅಣಬೆಯ ಬೀಜ. ನೆರಳಿನಲ್ಲಿ ಒಂದು ಪದರ ಪುಡಿ ಹರವಿ ಅಣಬೆ ಬೀಜ ಚೆಲ್ಲಬೇಕು. ಅದರ ಮೇಲೆ ಇನ್ನೊಂದು ಪದರ ಪುಡಿ, ಅದಕ್ಕೆ ಯೂರಿಯಾ. ಹೀಗೆ ಒಂದಾದ ಮೇಲೊಂದು ಪದರ ಏರಿಸಿ, ಹಿಂಡಿದರೆ ತೊಟ್ಟಿಕ್ಕದಷ್ಟು ತೇವ ಕಾಪಾಡಿದರೆ ತಿಂಗಳೊಪ್ಪತ್ತಿನಲ್ಲಿ ಕಂದು ಪುಡಿ ಕಪ್ಪಾಗುತ್ತದೆ. ಇಂಗಾಲ ಮತ್ತು ಸಾರಜನಕದ ಅನುಪಾತ 112ರಿಂದ 24ಕ್ಕೆ ಇಳಿಯುತ್ತದೆ. ಯೂರಿಯಾ ಬೇಡವೆನ್ನುವವರಿಗೆ ಕೋಳಿ ಗೊಬ್ಬರ, ಸುಣ್ಣ, ಶಿಲಾರಂಜಕ ಬಳಸುವ ದಾರಿಯನ್ನು ಕಾಸರಗೋಡಿನ ಸಂಸ್ಥೆ ತೋರಿಸಿದೆ.

ಒಂದು ಎಚ್ಚರಿಕೆಯೂ ಬೇಕು. ಕೊಳೆಯುವ ರಾಶಿಯಲ್ಲಿ ಸುಳಿ ಕೊರೆಯುವ ದುಂಬಿ ಮೊಟ್ಟೆಯಿಡುತ್ತದೆ. ಗೊಬ್ಬರದ ಜೊತೆ ಗೊಣ್ಣೆಹುಳು ತೋಟಕ್ಕೆ ಬಂದರೆ ಮರಕ್ಕೇ ಸಂಚಕಾರ. ರಾಶಿಯನ್ನು ಆಗಾಗ ಮಗುಚುವುದು, ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ಬೆರೆಸುವುದು ಇದಕ್ಕೆ ಮದ್ದು. ತಿಪಟೂರಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವೇ ಇರುವಾಗ ಇದನ್ನು ಕಲಿಯಲು ದೂರ ಹೋಗಬೇಕಿಲ್ಲ.

ಇಡೀ ಮಟ್ಟೆಯನ್ನೇ ತೋಟದಲ್ಲಿ ಉಳಿಸಿಕೊಳ್ಳುವ ಹಳೆಯ ಕ್ರಮವನ್ನು ವಿಜ್ಞಾನವೂ ಒಪ್ಪಿದೆ. ಬುಡದ ಪಾತಿಗೆ ಹೊದಿಸುವುದಾದರೆ ಮಟ್ಟೆಯ ಬೆನ್ನು ಮೇಲಾಗಬೇಕು, ಆಗ ತೇವ ಆರುವುದಿಲ್ಲ. ಸಾಲಿನ ನಡುವೆ ಕಂದಕ ತೆಗೆದು ಹೂಳುವುದಾದರೆ ಹೊಟ್ಟೆ ಮೇಲಾಗಬೇಕು, ಆಗ ಅದು ಮಳೆ ನೀರು ಹಿಡಿಯುವ ಬಟ್ಟಲಾಗುತ್ತದೆ. ಹೀಗೆ ಹೂತ ಮಟ್ಟೆ ಐದರಿಂದ ಏಳು ವರ್ಷ ತೇವ ಕಾಯುತ್ತದೆ. ಬೋರು ಕೊರೆಸಲು ಚೆಲ್ಲುವ ಹಣದ ಒಂದು ಪಾಲನ್ನು ಈ ಕಂದಕಗಳಿಗೆ ಹಾಕಿದರೂ ತೋಟ ಬರಕ್ಕೆ ಹೆದರಬೇಕಿಲ್ಲ.

ಬೋಳು ಗುಡ್ಡ, ನಾರಿನ ಬಲೆ

ಚಿಕ್ಕನಾಯಕನಹಳ್ಳಿ ತಾಲ್ಲೂಕಿಗೆ ತೆಂಗಿನಷ್ಟೇ ದೊಡ್ಡದಾದ ಇನ್ನೊಂದು ಕಥೆಯಿದೆ, ಗಣಿಯದು. ಇಲ್ಲಿನ ಗುಡ್ಡಸಾಲಿನಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರಿದೆ. ಅದಿರು ಲಾರಿಗಳ ಕೆಂಪು ದೂಳು ಗರಿಗಳ ಮೇಲೆ ಕೂತ ಕಾಲ ಮರೆಯುವಂಥದ್ದಲ್ಲ. ಬಳ್ಳಾರಿಯ ಬೆನ್ನಿಗೇ 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ಅದಿರು ಮಾರಾಟದ ಹಣದಲ್ಲಿ ಸಾವಿರಾರು ಕೋಟಿಯ ನಿಧಿ ಕೂಡಿತು. ಅದನ್ನು ಖರ್ಚು ಮಾಡಲು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮವೇ ಇದೆ. 2022ರಲ್ಲಿ ಅದರ ಮೇಲುಸ್ತುವಾರಿಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಕೋರ್ಟ್ ನೇಮಿಸಿತು.

ಅಗೆದು ಬಿಟ್ಟ ಗುಡ್ಡದ ಇಳಿಜಾರಿನಲ್ಲಿ ಮಣ್ಣು ಕೊಚ್ಚದಂತೆ ಹಿಡಿಯಲು ನಾರಿನ ಬಲೆಯಷ್ಟು ಒಳ್ಳೆಯ ಸಾಧನ ಕಡಿಮೆ. ಬಲೆ ಹಾಸಿ, ಅದರ ಕಣ್ಣುಗಳಲ್ಲಿ ಹುಲ್ಲು ಬೀಜ ಬಿತ್ತಿದರೆ ಬೇರು ಹಿಡಿಯುವವರೆಗೆ ಬಲೆ ಮಣ್ಣು ಕಾಯುತ್ತದೆ. ಎರಡರಿಂದ ನಾಲ್ಕು ವರ್ಷದಲ್ಲಿ ತಾನೇ ಕೊಳೆತು ಮಣ್ಣಾಗುತ್ತದೆ. ಹಳ್ಳಿ ರಸ್ತೆಗಳ ಅಡಿಗೂ ಇದನ್ನು ಹಾಸಬಹುದೆಂದು ಕೇಂದ್ರ ಸರ್ಕಾರ 2020ರಲ್ಲಿ ಒಪ್ಪಿ, ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಡಿ ಏಳು ರಾಜ್ಯಗಳ 1,674 ಕಿಲೋಮೀಟರ್ ರಸ್ತೆಗೆ ನಾರಿನ ಭೂವಸ್ತ್ರ ಬಳಸಲು ಹೇಳಿತು. ಆಂಧ್ರ, ಗುಜರಾತ್, ಕೇರಳ, ಮಹಾರಾಷ್ಟ್ರ, ಒಡಿಶಾ, ತಮಿಳುನಾಡು, ತೆಲಂಗಾಣ ಆ ಪಟ್ಟಿಯಲ್ಲಿದ್ದವು. ಕರ್ನಾಟಕ ಇರಲಿಲ್ಲ. ದೇಶದ ದೊಡ್ಡ ತೆಂಗು ಬೆಳೆಗಾರ ರಾಜ್ಯಗಳಲ್ಲಿ ಒಂದಾದ ನಮಗೆ ಇದು ನೋವಿನ ಸಂಗತಿ.

ಒಂದೇ ತಾಲ್ಲೂಕಿನಲ್ಲಿ ಬೋಳಾದ ಗುಡ್ಡವಿದೆ, ನಾರಿದೆ, ಪುಡಿಯಿದೆ, ಪುನಶ್ಚೇತನದ ಹಣವೂ ಇದೆ. ನಾರಿನ ಬಲೆಯನ್ನು ಇಲ್ಲಿನ ಹೆಣ್ಣುಮಕ್ಕಳ ಸಂಘಗಳಿಂದ ನೇಯಿಸಿ, ಪುಡಿಯ ಕಾಂಪೋಸ್ಟನ್ನು ಗಿಡ ನೆಡುವ ಗುಂಡಿಗಳಿಗೆ ಹಾಕಿ ಆ ಗುಡ್ಡಗಳಿಗೆ ಹಸಿರು ತರಬಹುದು. ಸ್ಥಳೀಯ ಖರೀದಿ ಖಚಿತವಾದರೆ ಸಣ್ಣ ಫ್ಯಾಕ್ಟರಿಗೆ ಚೀನಾದ ಆರ್ಡರಿನ ಭಯ ಅಷ್ಟರಮಟ್ಟಿಗೆ ತಗ್ಗುತ್ತದೆ.

ಪಕ್ಕದಲ್ಲೇ ಇರುವ ಪಾಠ

ಶುದ್ಧ ಕೆಲಸಕ್ಕೆ ಮಾರುಕಟ್ಟೆಯಿಲ್ಲ ಎಂದು ಕೈಚೆಲ್ಲುವವರು ತಿಪಟೂರು ತಾಲ್ಲೂಕಿನ ಕೋಡಿಹಳ್ಳಿಯತ್ತ ನೋಡಬೇಕು. 2010ರಲ್ಲಿ ಅಲ್ಲಿ ಶುರುವಾದ ಅಕ್ಷಯಕಲ್ಪ ಇವತ್ತು ದೊಡ್ಡ ಹೆಸರು. ಐಟಿ ಕೆಲಸ ಬಿಟ್ಟು ಬಂದ ಶಶಿಕುಮಾರ್, ಗ್ರಾಮೀಣಾಭಿವೃದ್ಧಿಯ ಬೈಫ್ ಸಂಸ್ಥೆಯ ಅನುಭವವಿದ್ದ ಜಿ.ಎನ್.ಎಸ್. ರೆಡ್ಡಿ ಮತ್ತು ಅವರ ಸಂಗಡಿಗರು ಸಾವಯವ ಹಾಲಿನ ಉದ್ಯಮ ಕಟ್ಟಲು ಹೊರಟಾಗ ರೈತರನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಗಿತ್ತು. ರಾಸಾಯನಿಕ ಬಿಡಬೇಕು, ಹಸುವನ್ನು ಕಟ್ಟದೆ ಬಿಡಬೇಕು, ಸಗಣಿಯಿಂದ ಗ್ಯಾಸ್ ಮಾಡಬೇಕು ಎಂಬ ಷರತ್ತುಗಳನ್ನು ಒಪ್ಪಲು ಧೈರ್ಯ ಬೇಕಿತ್ತು. ಬಯೋಗ್ಯಾಸ್ ತೊಟ್ಟಿಯಿಂದ ಬರುವ ಸ್ಲರಿ ತೆಂಗಿನ ಬುಡ ಸೇರಿ ತೋಟ ಚೇತರಿಸಿಕೊಂಡದ್ದು ಅಕ್ಕಪಕ್ಕದವರ ಕಣ್ಣಿಗೆ ಬಿದ್ದ ಮೇಲೆ ಮಾತಿನಲ್ಲಿ ಒಪ್ಪಿಸುವ ಅಗತ್ಯ ಕಡಿಮೆಯಾಯಿತು.

ಅಲ್ಲಿನ ಗೆಲುವಿಗೆ ಎರಡು ಕಾರಣ. ಹಾಲು ಎಲ್ಲಿಂದ, ಹೇಗೆ ಬಂತೆಂದು ಗಿರಾಕಿಗೆ ತಿಳಿಯುತ್ತದೆ, ಅದಕ್ಕೆ ಆತ ಹೆಚ್ಚು ಬೆಲೆ ಕೊಡುತ್ತಾನೆ. ತ್ಯಾಜ್ಯ ತೋಟದ ಗಡಿ ದಾಟುವುದಿಲ್ಲ. ನಾರಿಗೂ ಇದ್ದಿಲಿಗೂ ಈ ಎರಡೂ ಬೇಕು. ತಿಪಟೂರು ತಾಲ್ಲೂಕಿನ ಲಕ್ಕಿಹಳ್ಳಿಯಲ್ಲಿ ಬೈಫ್ ಕೇಂದ್ರವಿದೆ, ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನಿಗಳಿದ್ದಾರೆ, ತಿಪಟೂರಿನಲ್ಲಿ ಉಂಡೆ ಕೊಬ್ಬರಿಗೆ ದೇಶವೇ ತಿರುಗಿ ನೋಡುವ ಮಾರುಕಟ್ಟೆಯಿದೆ. ಕೊಬ್ಬರಿ ತೂಗುವ ಅಂಗಳದಲ್ಲೇ ಪುಡಿಯ ಗೊಬ್ಬರಕ್ಕೂ ಒಂದು ತಕ್ಕಡಿ ಇಡಲು ಎಪಿಎಂಸಿ ಮನಸ್ಸು ಮಾಡಿದರೆ ಸಾಕು. ಕೊಬ್ಬರಿ ತಂದ ರೈತನ ಖಾಲಿ ಗಾಡಿ ಹಿಂದಿರುಗುವಾಗ ಗೊಬ್ಬರ ಹೊತ್ತು ಹೋಗುತ್ತದೆ, ಸಾಗಣೆಯ ಖರ್ಚೂ ಉಳಿಯುತ್ತದೆ.

ಹೋಬಳಿಗೊಂದು ಅಂಗಳ

ಮಾಡಬೇಕಾದದ್ದು ಇಷ್ಟು. ಕಂದಿಕೆರೆ ಹೋಬಳಿಗೆ ಒಂದು ಸಾಮೂಹಿಕ ಅಂಗಳ ಬೇಕು. ಊರಿನಿಂದ ದೂರದ ಗೋಮಾಳದಲ್ಲಿ ಎರಡು ಮೂರು ಎಕರೆ ಸಾಕು. ಅಲ್ಲಿ ಸುತ್ತಲಿನ ನಾರಿನ ಫ್ಯಾಕ್ಟರಿಗಳ ಪುಡಿ ಬಂದು ಬೀಳಲಿ, ಚಾವಣಿಯಡಿ ಕಾಂಪೋಸ್ಟ್ ಆಗಲಿ. ನೆಲಕ್ಕೆ ಕಾಂಕ್ರೀಟು ಹಾಕಿ, ಇಳಿದ ಕಂದು ನೀರನ್ನು ತೊಟ್ಟಿಯಲ್ಲಿ ಹಿಡಿದು ಮತ್ತೆ ರಾಶಿಗೇ ಚಿಮುಕಿಸಿದರೆ ಒಂದು ಹನಿಯೂ ಹೊರಗೆ ಹೋಗುವುದಿಲ್ಲ. ಅಲ್ಲೇ ಒಂದು ಮುಚ್ಚಿದ ಕುಲುಮೆ ಇರಲಿ. ಗುಂಡಿಯಲ್ಲಿ ಸುಡುವವರು ಬಾಡಿಗೆ ಕೊಟ್ಟು ಅಲ್ಲಿ ಸುಡಲಿ. ಗುಂಡಿ ಮುಚ್ಚಿಸುವ ಆದೇಶಕ್ಕೆ ಮೊದಲು ಬದಲಿ ಕುಲುಮೆ ಬರಬೇಕು, ಇಲ್ಲದಿದ್ದರೆ ಹೊಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುತ್ತದೆ, ಅಷ್ಟೇ. ಬಂಡವಾಳಕ್ಕೆ ಗಣಿ ಪುನಶ್ಚೇತನ ನಿಧಿ ಇದೆ, ತೆಂಗಿಗೇ ಮೀಸಲಾದ ಜಿಲ್ಲಾ ಯೋಜನೆ ಇದೆ. ನಡೆಸುವ ಹೊಣೆ ಮಾಲೀಕರು, ರೈತರು, ಪಂಚಾಯಿತಿ ಮೂವರೂ ಕೂತ ಸಂಘದ್ದಾಗಬೇಕು.

ರೈತರಾದ ನಾವೂ ಒಂದು ಮಾತು ಒಪ್ಪಬೇಕು. ಮಟ್ಟೆ ಮಾರಿದ ದುಡ್ಡಿನಲ್ಲಿ ಒಂದು ಭಾಗವನ್ನು ಗೊಬ್ಬರವಾಗಿ ವಾಪಸು ತೆಗೆದುಕೊಳ್ಳುವ ಕರಾರು ಮಾಡಿಕೊಳ್ಳೋಣ. ಸಾವಿರ ಮಟ್ಟೆ ಕೊಟ್ಟವನಿಗೆ ಇಂತಿಷ್ಟು ಚೀಲ ಕಾಂಪೋಸ್ಟ್ ಹಿಂದಿರುಗಬೇಕೆಂದು ಬರೆಸಿಕೊಂಡರೆ ಫ್ಯಾಕ್ಟರಿಯ ಅಂಗಳದಲ್ಲಿ ಗುಡ್ಡ ಏಳುವುದಿಲ್ಲ, ತೋಟದ ಮಣ್ಣು ಬಡವಾಗುವುದಿಲ್ಲ. ಹೊಗೆಯಿಲ್ಲದೆ ಸುಟ್ಟವನಿಗೆ, ಪುಡಿಯನ್ನು ಗೊಬ್ಬರ ಮಾಡಿದವನಿಗೆ ನಮ್ಮ ಚಿಪ್ಪು, ಮಟ್ಟೆಯನ್ನು ಮೊದಲು ಕೊಡುತ್ತೇವೆಂದು ಊರೂರು ತೀರ್ಮಾನಿಸಿದರೆ ಅದಕ್ಕಿಂತ ದೊಡ್ಡ ಪ್ರೋತ್ಸಾಹ ಇನ್ನೊಂದಿಲ್ಲ. ಸರ್ಕಾರದ ಸಬ್ಸಿಡಿ ತಡವಾಗಬಹುದು. ಮಟ್ಟೆ ಯಾರಿಗೆ ಕೊಡಬೇಕೆಂಬ ನಿರ್ಧಾರ ಮಾತ್ರ ಇವತ್ತೂ ತೋಟದವರ ಕೈಯಲ್ಲೇ ಇದೆ, ಮುಂದಿನ ಸುಲಿಗೆಯಿಂದಲೇ ಅದನ್ನು ಶುರುಮಾಡಬಹುದು.